ಮಗನ ಸೀಟಿನಲ್ಲಿ ಮಾವ ಕೂತ ಶನಿವಾರ: ಒಂದು ಸೀಸನ್ ಟಿಕೆಟ್ ಅಪ್‌ಗ್ರೇಡ್ ಪ್ರಕರಣ

ಆ ಪತ್ರ ಬಂದದ್ದು ನನ್ನ ಮಗನ ಹೆಸರಿಗೆ. ಅವನಿಗಾಗ 11 ವರ್ಷ. ತನ್ನ ಹೆಸರಿಗೆ ಫುಟ್‌ಬಾಲ್ ಕ್ಲಬ್ಬಿನಿಂದ ಪತ್ರ ಬಂದಿದೆ ಅಂತ ಖುಷಿಯಿಂದ ಒಡೆದು ಓದಿದ. ಆಮೇಲೆ ಅಡುಗೆಮನೆಗೆ ಬಂದು ಕೇಳಿದ, "ಅಮ್ಮ, ನಾನೇನು ತಪ್ಪು ಮಾಡಿದೆ?"

ಅವನು ಏನೂ ಮಾಡಿರಲಿಲ್ಲ. ಮಾಡಿದ್ದು ನಾನು. ರಿಯಾಯಿತಿ ದರದ ಅವನ ಸೀಸನ್ ಟಿಕೆಟ್‌ನಲ್ಲಿ ಒಬ್ಬ ದೊಡ್ಡವರನ್ನು ಒಳಗೆ ಕರೆದುಕೊಂಡು ಹೋಗಲು ನೋಡಿದ್ದೆ. ಅಪ್‌ಗ್ರೇಡ್, ಅಂದರೆ ಆ ಪಂದ್ಯದ ಮಟ್ಟಿಗೆ ದರದ ವ್ಯತ್ಯಾಸ ಕಟ್ಟುವುದು, ಮಾಡಿಸಿರಲಿಲ್ಲ. ಅದೇ ಸೀಸನ್‌ನಲ್ಲಿ, ಆರು ತಿಂಗಳ ನಂತರ, ಅದೇ ಸೀಟಿನಲ್ಲಿ ನನ್ನ ಸೋದರಮಾವನನ್ನು ಸರಿಯಾದ ದಾರಿಯಲ್ಲೇ ಕೂರಿಸಿದೆ. ಎರಡೂ ಸಲ ಏನಾಯಿತು, ನಿಯಮ ಏನು, ಅದು ಯಾಕಿದೆ, ಎಲ್ಲಿ ಅದು ನಮ್ಮಂಥವರನ್ನು ನೋಯಿಸುತ್ತದೆ ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಲ್ಲಿ ಈಗ ಫುಟ್‌ಬಾಲ್ ಹುಚ್ಚು ಹತ್ತಿದ ಮಕ್ಕಳು ಜಾಸ್ತಿ. ಊರಿಂದ ಬಂದುಹೋಗುವ ನೆಂಟರೂ ಜಾಸ್ತಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮದು ಇಂಗ್ಲೆಂಡಿನ ಅತಿ ಮೇಲಿನ ದರ್ಜೆಯ ಪ್ರೀಮಿಯರ್ ಲೀಗ್‌ನಲ್ಲಿ ಆಡುವ ಒಂದು ಕ್ಲಬ್ಬು. ಹೆಸರು ಹೇಳುವುದಿಲ್ಲ. ಇಂಥ ನಿಯಮ ಇಂಗ್ಲೆಂಡಿನ ಬಹುತೇಕ ಕ್ಲಬ್ಬುಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೇ ರೀತಿ ಇರುತ್ತದೆ. ಲೀಗ್‌ನಲ್ಲಿ 20 ತಂಡಗಳು. ಪ್ರತಿ ತಂಡಕ್ಕೂ ತನ್ನ ಮೈದಾನದಲ್ಲಿ 19 ಪಂದ್ಯ. ಸೀಸನ್ ಟಿಕೆಟ್ ಅಂದರೆ ಆ 19 ಪಂದ್ಯಕ್ಕೂ ಒಂದೇ ಸೀಟು, ಒಂದೇ ಸಲ ಹಣ. ನಮ್ಮ ಮನೆಯಲ್ಲಿ ಎರಡಿವೆ, ಅಕ್ಕಪಕ್ಕದ ಸೀಟು. ನನ್ನದು ವಯಸ್ಕರ ದರ, ಮಗನದು ಜೂನಿಯರ್ ದರ. ನನ್ನ ಗಂಡನಿಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಬೇಡ. ಹಾಗಾಗಿ ಶನಿವಾರದ ಈ ಓಡಾಟ ನಮ್ಮಿಬ್ಬರದೇ.

ಮೊದಲನೇ ಶನಿವಾರ

ಸೆಪ್ಟೆಂಬರ್ ತಿಂಗಳು. ಶುಕ್ರವಾರ ರಾತ್ರಿ ಮಗನಿಗೆ ಜ್ವರ ಬಂತು. ಬೆಳಿಗ್ಗೆ ನೋಡಿದರೆ ಮೈ ಕೆಂಡ. ಪಂದ್ಯ ಮಧ್ಯಾಹ್ನ ಮೂರಕ್ಕೆ. ನನ್ನ ಆಫೀಸಿಗೆ ದಾವಣಗೆರೆಯ ಒಬ್ಬ ಹುಡುಗ ಹೊಸದಾಗಿ ಸೇರಿದ್ದ. ಇಲ್ಲಿಗೆ ಬಂದು ಎರಡು ತಿಂಗಳಾಗಿತ್ತು, ಒಂದು ಪಂದ್ಯವನ್ನೂ ನೋಡಿರಲಿಲ್ಲ. ಫೋನ್ ಮಾಡಿದೆ. "ಅಕ್ಕಾ, ನಿಜವಾಗ್ಲೂನಾ?" ಅಂದ. ಗಂಡ ಮಗನ ಹತ್ತಿರ ಕೂತ. ನಾನು ಮಗನ ಫೋನ್ ತಗೊಂಡು ಹೊರಟೆ. ಟಿಕೆಟ್ ಇರುವುದು ಅದರಲ್ಲೇ. ಗೇಟಿನ ರೀಡರ್ ಮೇಲೆ ಹಿಡಿದರೆ ಬಾಗಿಲು ತಿರುಗುತ್ತದೆ.

ನನ್ನದು ಹಿಡಿದೆ, ಎಂದಿನಂತೆ ಹಸಿರು ದೀಪ. ಆ ಹುಡುಗ ಮಗನ ಫೋನ್ ಹಿಡಿದಾಗ ಬೇರೆ ಬಣ್ಣದ ದೀಪ ಹತ್ತಿತು. ಅದಕ್ಕೂ ಮೊದಲು ಎಷ್ಟೋ ಸಲ ಆ ದೀಪ ನೋಡಿದ್ದೆ. ಮಗನ ಟಿಕೆಟ್‌ಗೆ ಯಾವಾಗಲೂ ಅದೇ ಬಣ್ಣ. ಅದೇಕೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಬಹಳ ಕ್ಲಬ್ಬುಗಳಲ್ಲಿ ರಿಯಾಯಿತಿ ಟಿಕೆಟ್‌ಗೆ ಹೀಗೆ ಬೇರೆ ದೀಪ ಇರುತ್ತದೆ. ಗೇಟಿನ ಆಚೆ ನಿಂತ ಸ್ಟೀವರ್ಡ್, ಅಂದರೆ ಮೈದಾನದ ಸಿಬ್ಬಂದಿ, ದೀಪ ನೋಡುತ್ತಾರೆ, ಬಂದವರ ಮುಖ ನೋಡುತ್ತಾರೆ. ಮಕ್ಕಳ ದೀಪ ಹತ್ತಿ ಗಡ್ಡದವರು ಒಳಗೆ ಬಂದರೆ ನಿಲ್ಲಿಸುತ್ತಾರೆ.

ಸ್ಟೀವರ್ಡ್ ಒಂದು ಮಾತನ್ನೂ ಒರಟಾಗಿ ಆಡಲಿಲ್ಲ. ಇದು ಜೂನಿಯರ್ ಟಿಕೆಟ್, ಅಪ್‌ಗ್ರೇಡ್ ಮಾಡಿಸಿದ್ದೀರಾ ಅಂತ ಕೇಳಿದರು. ಸೀಟಿಗೆ ಇಡೀ ವರ್ಷದ ದುಡ್ಡು ಕಟ್ಟಿದ್ದೇವೆ ಅಂದೆ. ಟಿಕೆಟ್ ಆಫೀಸಿನ ಕಿಟಕಿಗೆ ಕಳಿಸಿದರು. ಕಿಟಕಿಯಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಅಪ್‌ಗ್ರೇಡ್ ಹಿಂದಿನ ದಿನ ಸಂಜೆಯೊಳಗೆ ಆಗಬೇಕಿತ್ತು, ಈಗ ಸಿಸ್ಟಂ ಬಿಡುವುದಿಲ್ಲ ಅಂದರು. ಹಣ ಈಗಲೇ ಕೊಡುತ್ತೇನೆ ಅಂದೆ. ಆಗಲಿಲ್ಲ.

ಅವನನ್ನು ಹೊರಗೆ ಬಿಟ್ಟು ನಾನೊಬ್ಬಳೇ ಒಳಗೆ ಹೋಗಲು ಮನಸ್ಸಾಗಲಿಲ್ಲ. ಇಬ್ಬರೂ ವಾಪಸ್ ಹೊರಟೆವು. ಬಸ್ ಸ್ಟಾಪಿನವರೆಗೂ ಮೈದಾನದ ಸದ್ದು ಕೇಳುತ್ತಲೇ ಇತ್ತು. ಅವನೇ ನನಗೆ ಸಮಾಧಾನ ಹೇಳಿದ, "ಇರಲಿ ಬಿಡಿ ಅಕ್ಕಾ, ಇನ್ನೊಂದ್ಸಲ ನೋಡೋಣ." ಹತ್ತು ದಿನದ ಮೇಲೆ ಆ ಪತ್ರ. ಟಿಕೆಟ್‌ನ ದುರ್ಬಳಕೆ ದಾಖಲಾಗಿದೆ, ಇದು ಎಚ್ಚರಿಕೆ, ಮತ್ತೆ ನಡೆದರೆ ಟಿಕೆಟ್ ಅಮಾನತು ಆಗಬಹುದು. ಖಾತೆ ಮಗನದು, ಹಾಗಾಗಿ ಪತ್ರವೂ ಅವನ ಹೆಸರಿಗೆ.

ನಿಯಮ ಏನನ್ನುತ್ತದೆ

ಆ ರಾತ್ರಿ ಕೂತು ಸೀಸನ್ ಟಿಕೆಟ್‌ನ ಷರತ್ತುಗಳನ್ನು ಮೊದಲ ಸಲ ಪೂರ್ತಿ ಓದಿದೆ. ನಾವು ಸೀಟು ಕೊಂಡಿದ್ದೇವೆ ಅಂದುಕೊಂಡಿದ್ದೆ. ಕಾಗದದ ಪ್ರಕಾರ ನಾವು ಕೊಂಡಿರುವುದು, ಇಂಥ ವ್ಯಕ್ತಿ ಇಂಥ ಸೀಟಿನಲ್ಲಿ ಕೂತು ನೋಡಲು ಒಂದು ಅನುಮತಿ. ಟಿಕೆಟ್ ಕ್ಲಬ್ಬಿನ ಆಸ್ತಿಯಾಗಿಯೇ ಉಳಿಯುತ್ತದೆ. ಬರಲಾಗದ ದಿನ ಮನೆಯವರಿಗೋ ಗೆಳೆಯರಿಗೋ ಕೊಡಲು ಕ್ಲಬ್ಬು ಬಿಡುತ್ತದೆ. ಆದರೆ ಅದಕ್ಕೆ ಮೂರು ಕಟ್ಟುಪಾಡುಗಳಿವೆ. ಕ್ಲಬ್ಬಿನ ಸ್ವಂತ ವ್ಯವಸ್ಥೆಯ ಮೂಲಕವೇ ಕೊಡಬೇಕು. ಅದರಲ್ಲಿ ಲಾಭ ಮಾಡಬಾರದು. ಪಡೆಯುವವರು ಟಿಕೆಟ್ ಯಾವ ದರದ್ದೋ ಆ ದರಕ್ಕೆ ಅರ್ಹರಾಗಿರಬೇಕು. ಅರ್ಹರಲ್ಲದಿದ್ದರೆ ಆ ಒಂದು ಪಂದ್ಯದ ಮಟ್ಟಿಗೆ ದರದ ವ್ಯತ್ಯಾಸ ಕಟ್ಟಬೇಕು. ಇದಕ್ಕೇ ಅಪ್‌ಗ್ರೇಡ್ ಅನ್ನುವುದು. ಸೀಟು ಬದಲಾಗುವುದಿಲ್ಲ, ಟಿಕೆಟ್‌ನ ದರ್ಜೆ ಮಾತ್ರ ಒಂದು ದಿನಕ್ಕೆ ಬದಲಾಗುತ್ತದೆ.

ಹೆಸರು ಕೇಳಿ ಮೋಸ ಹೋಗಬಾರದು. ವಿಮಾನದಲ್ಲಿ ಅಪ್‌ಗ್ರೇಡ್ ಅಂದರೆ ಒಳ್ಳೆಯ ಸೀಟು ಸಿಗುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಬಸ್ಸಿನಲ್ಲಿ ಹಾಫ್ ಟಿಕೆಟ್ ಇದ್ದವರ ಜಾಗದಲ್ಲಿ ದೊಡ್ಡವರು ಕೂತರೆ ಫುಲ್ ಟಿಕೆಟ್ ಮಾಡಿಸಬೇಕಲ್ವಾ, ಅಷ್ಟೇ ಇದು.

ವ್ಯತ್ಯಾಸ ಅಂದರೆ ಎಷ್ಟು? ಇಲ್ಲಿ ಕ್ಲಬ್ಬಿಂದ ಕ್ಲಬ್ಬಿಗೆ ಲೆಕ್ಕ ಬೇರೆ, ಮತ್ತು ಜನ ಎಡವುವುದು ಇಲ್ಲೇ. ಉದಾಹರಣೆಗೆ ಕೆಲವು ಅಂಕಿ ಇಟ್ಟುಕೊಂಡು ನೋಡೋಣ. ವಯಸ್ಕರ ಸೀಸನ್ ಟಿಕೆಟ್ 760 ಪೌಂಡ್, ಹಿರಿಯರದು 475, ಜೂನಿಯರ್ 285 ಅಂತಿಟ್ಟುಕೊಳ್ಳಿ. 19 ಪಂದ್ಯಕ್ಕೆ ಹಂಚಿದರೆ ಒಂದಕ್ಕೆ 40, 25, 15 ಪೌಂಡ್. ಮಗನ ಸೀಟಿನಲ್ಲಿ ವಯಸ್ಕರು ಕೂರಬೇಕಾದರೆ 25 ಪೌಂಡ್ ಕಟ್ಟಬೇಕು. ಇದು ಒಂದು ಲೆಕ್ಕ. ಇನ್ನು ಕೆಲವು ಕ್ಲಬ್ಬುಗಳು ಸೀಸನ್ ದರವನ್ನು ನೋಡುವುದಿಲ್ಲ. ಅದೇ ಸೀಟಿಗೆ ಆ ದಿನದ ಬಿಡಿ ಟಿಕೆಟ್ ದರ ಎಷ್ಟೋ ಅದನ್ನು ಹಿಡಿಯುತ್ತವೆ. ದೊಡ್ಡ ಎದುರಾಳಿ ಬಂದ ದಿನ ಬಿಡಿ ಟಿಕೆಟ್ 60 ಪೌಂಡ್ ಇದ್ದರೆ, ಕಟ್ಟಬೇಕಾದದ್ದು 25 ಅಲ್ಲ, 45 ಆಗಬಹುದು. ಒಂದೇ ಸೀಟು, ಒಂದೇ ಮಗು, ಎರಡು ಬೇರೆ ಮೊತ್ತ. ನಿಮ್ಮ ಕ್ಲಬ್ಬು ಯಾವ ಲೆಕ್ಕ ಹಿಡಿಯುತ್ತದೆ ಅಂತ ಸೀಸನ್ ಶುರುವಾಗುವ ಮೊದಲೇ ನೋಡಿಟ್ಟುಕೊಳ್ಳಿ.

ಕೆಳಮುಖದ ದಾರಿ ಇಲ್ಲ. ನನ್ನ ವಯಸ್ಕರ ಟಿಕೆಟ್‌ನಲ್ಲಿ ಒಂದು ಮಗು ಹೋದರೆ ಹಣ ವಾಪಸ್ ಬರುವುದಿಲ್ಲ. ಫ್ಯಾಮಿಲಿ ಸ್ಟ್ಯಾಂಡ್, ಅಂದರೆ ಮಕ್ಕಳ ಜೊತೆ ಬರುವವರ ಗ್ಯಾಲರಿಯ ಮಾತು ಇನ್ನೂ ಬಿಗಿ. ಅಲ್ಲಿ ದೊಡ್ಡವರು ಕೂರಬೇಕಾದರೆ ಜೊತೆಗೆ ಮಗು ಇರಬೇಕು ಅನ್ನುವ ನಿಯಮ ಸಾಮಾನ್ಯ. ಮಗುವಿನ ಸೀಟನ್ನೇ ದೊಡ್ಡವರಿಗೆ ಬದಲಿಸಿದರೆ ಇಬ್ಬರು ದೊಡ್ಡವರೇ ಉಳಿದಂತಾಯಿತು. ಹಾಗಾಗಿ ದುಡ್ಡು ಕೊಟ್ಟರೂ ಅಲ್ಲಿ ಅಪ್‌ಗ್ರೇಡ್ ಸಿಗದಿರಬಹುದು. ನಮ್ಮ ಸೀಟು ಬೇರೆ ಸ್ಟ್ಯಾಂಡ್‌ನಲ್ಲಿದ್ದದ್ದು ನಮ್ಮ ಅದೃಷ್ಟ. ಅಂಗವಿಕಲರ ಸಹಾಯಕರಿಗೆ ಕೊಡುವ ಟಿಕೆಟ್‌ನ ಮಾತಂತೂ ಸ್ಪಷ್ಟ: ಆ ವ್ಯಕ್ತಿ ಬಾರದೆ ಸಹಾಯಕರೊಬ್ಬರೇ ಅದನ್ನು ಬಳಸುವಂತಿಲ್ಲ.

ಇಷ್ಟೆಲ್ಲ ಕ್ಲಬ್ಬಿನ ನಿಯಮ. ಇದರ ಹಿಂದೆ ಒಂದು ಕಾಯ್ದೆಯೂ ನಿಂತಿದೆ. ಇಂಗ್ಲೆಂಡಿನಲ್ಲಿ 1994ರ ಕ್ರಿಮಿನಲ್ ಜಸ್ಟಿಸ್ ಆ್ಯಂಡ್ ಪಬ್ಲಿಕ್ ಆರ್ಡರ್ ಆ್ಯಕ್ಟ್‌ನ 166ನೇ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು ಅಪರಾಧ. ಲಾಭ ಮಾಡದೆ ಕೊಂಡ ಬೆಲೆಗೇ ಮಾರಿದರೂ ಅದು ಅನ್ವಯಿಸುತ್ತದೆ. 2006ರಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು. ಇನ್ಯಾವುದೋ ವಸ್ತುವಿನ ಜೊತೆ ಟಿಕೆಟ್ ಉಚಿತ ಅಂತ ಕೊಟ್ಟರೂ ಅದು ಮಾರಾಟವೇ. ಕನ್ನಡದ ವಾಟ್ಸ್ಯಾಪ್ ಗುಂಪುಗಳಲ್ಲಿ "ಈ ಶನಿವಾರ ಒಂದು ಟಿಕೆಟ್ ಇದೆ, ಕೊಂಡ ರೇಟಿಗೆ ಕೊಡ್ತೀನಿ" ಅನ್ನುವ ಸಂದೇಶ ನಾನು ನೋಡಿದ್ದೇನೆ. ಹಾಕಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ದಯವಿಟ್ಟು ಹಾಗೆ ಹಾಕಬೇಡಿ. ಕ್ಲಬ್ಬಿನ ಆ್ಯಪ್‌ನಲ್ಲೇ ವಾಪಸ್ ಮಾರುವ ದಾರಿ ಇರುತ್ತದೆ, ಅದನ್ನು ಬಳಸಿ.

ಫುಟ್‌ಬಾಲ್‌ಗೆ ಮಾತ್ರ ಯಾಕೆ ಇಂಥ ಕಾಯ್ದೆ? ಇಲ್ಲಿ ಎರಡು ತಂಡಗಳ ಅಭಿಮಾನಿಗಳನ್ನು ಬೇರೆ ಬೇರೆ ಕಡೆ ಕೂರಿಸುತ್ತಾರೆ. ಯಾರು ಎಲ್ಲಿ ಕೂತಿದ್ದಾರೆ ಅನ್ನುವುದು ಸುರಕ್ಷತೆಯ ಪ್ರಶ್ನೆ. ಬ್ಲ್ಯಾಕ್‌ನಲ್ಲಿ ಟಿಕೆಟ್ ಮಾರುವವನು ಯಾರಿಗೆ ಬೇಕಾದರೂ ಮಾರುತ್ತಾನೆ, ಆ ಗೆರೆ ಅಳಿಸಿಹೋಗುತ್ತದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್ ಊರಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಜೀವ ಕಳೆದುಕೊಂಡರು. ತಪ್ಪನ್ನು ವರ್ಷಗಟ್ಟಲೆ ಅಭಿಮಾನಿಗಳ ಮೇಲೆಯೇ ಹೊರಿಸಿದರು. ಅವರದು ತಪ್ಪಿಲ್ಲ ಎಂದು ಜ್ಯೂರಿ ಹೇಳಲು 2016 ಬರಬೇಕಾಯಿತು. ಆ ದುರಂತದ ನಂತರ ನ್ಯಾಯಮೂರ್ತಿ ಟೇಲರ್ 1990ರಲ್ಲಿ ಕೊಟ್ಟ ವರದಿ ಇಡೀ ಆಟದ ನೋಟವನ್ನೇ ಬದಲಿಸಿತು. ಮೇಲಿನ ದರ್ಜೆಯ ಮೈದಾನಗಳಲ್ಲಿ ಎಲ್ಲರಿಗೂ ಕುರ್ಚಿ ಬಂದದ್ದು ಅದರಿಂದ. ಬ್ಲ್ಯಾಕ್ ಟಿಕೆಟ್ ಮಾರಾಟವನ್ನು ಅಪರಾಧ ಮಾಡಬೇಕು ಅನ್ನುವ ಸಲಹೆಯೂ ಅದರಲ್ಲೇ ಇತ್ತು.

ನನ್ನ ದಾವಣಗೆರೆಯ ಹುಡುಗ ಅಪಾಯದ ಮನುಷ್ಯನೇನಲ್ಲ. ಆದರೆ ಆ ಮಧ್ಯಾಹ್ನ ಅವನು ಒಳಗೆ ಹೋಗಿದ್ದರೆ, ಮಗನ ಸೀಟಿನಲ್ಲಿ ಮಗನೇ ಕೂತಿದ್ದಾನೆ ಅಂತ ಕ್ಲಬ್ಬಿನ ದಾಖಲೆ ಹೇಳುತ್ತಿತ್ತು. ಅವಘಡವಾಗಿದ್ದರೆ ಅಲ್ಲಿ ಯಾರಿದ್ದರು ಅನ್ನುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ರಾತ್ರಿ ನನಗೆ ಮೊದಲು ಮುಟ್ಟಿದ್ದು ಇದು. ದುಡ್ಡಿನ ಮಾತು ಆಮೇಲೆ.

ಮಾವ ಬಂದರು

ಮಾರ್ಚ್ ತಿಂಗಳಲ್ಲಿ ನನ್ನ ಸೋದರಮಾವ ಬೆಂಗಳೂರಿನಿಂದ ಬಂದರು. 67 ವರ್ಷ. ದೂರವಾಣಿನಗರದ ಐಟಿಐ ಟೆಲಿಫೋನ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಬೆಂಗಳೂರಿನ ಫುಟ್‌ಬಾಲ್ ಅಂದರೆ ಐಟಿಐ, ಎಚ್‌ಎಎಲ್ ತಂಡಗಳು ಅನ್ನುತ್ತಿದ್ದ ಕಾಲದಲ್ಲಿ ಬೆಳೆದವರು. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇರುವುದನ್ನು ನನಗೆ ತೋರಿಸಿದ್ದೇ ಅವರು. 1968-69ರಲ್ಲಿ ನಮ್ಮ ಮೈಸೂರು ರಾಜ್ಯ, ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದಾಗ ಅವರಿನ್ನೂ ಹುಡುಗ. ಅದು ಮತ್ತೆ ಕರ್ನಾಟಕಕ್ಕೆ ಬರಲು 2023ರ ಮಾರ್ಚ್ ಬೇಕಾಯಿತು. ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿದ ಆ ರಾತ್ರಿ ಮಾವ ನನಗೆ ಫೋನ್ ಮಾಡಿ ಮಾತೇ ಹೊರಡದೆ ಸುಮ್ಮನಿದ್ದರು. ಇಂಥವರು ಇಂಗ್ಲೆಂಡಿಗೆ ಬಂದು ಪಂದ್ಯ ನೋಡದೆ ಹೋಗುವುದು ಹೇಗೆ?

ಸೀಟು ಬಿಟ್ಟುಕೊಡುತ್ತೇನೆ ಅಂದದ್ದು ಮಗನೇ. "ತಾತ ಹೋಗಲಿ ಅಮ್ಮ. ಆದರೆ ಈ ಸಲ ಕೇಳಿ ಮಾಡು."

ಕೇಳಿಯೇ ಮಾಡಿದೆ. ಮಂಗಳವಾರವೇ ಕ್ಲಬ್ಬಿನ ಆ್ಯಪ್ ತೆರೆದೆ. ಮೊದಲ ತೊಡಕು ಅಲ್ಲೇ. ಟಿಕೆಟ್ ಕಳಿಸಬೇಕಾದರೆ ಪಡೆಯುವವರಿಗೂ ಕ್ಲಬ್ಬಿನಲ್ಲಿ ಒಂದು ಖಾತೆ ಇರಬೇಕು. ಹಣ ಏನೂ ಇಲ್ಲ, ಹೆಸರು, ಹುಟ್ಟಿದ ದಿನ, ಇಮೇಲ್ ಕೊಟ್ಟರೆ ಸಾಕು. ಮಾವನ ಹೆಸರಿನಲ್ಲಿ ಮಾಡಿದೆವು. ಎರಡನೇ ತೊಡಕು ಸ್ವಲ್ಪ ದೊಡ್ಡದು. ಅಪ್‌ಗ್ರೇಡ್ ಒತ್ತಿದರೆ ಆ್ಯಪ್ ತೋರಿಸಿದ್ದು ಒಂದೇ ಆಯ್ಕೆ, ಜೂನಿಯರ್‌ನಿಂದ ವಯಸ್ಕರಿಗೆ. ಮಾವನಿಗೆ 67. ನಮ್ಮ ಕ್ಲಬ್ಬಿನಲ್ಲಿ 65 ದಾಟಿದವರಿಗೆ ಹಿರಿಯರ ದರ. ಅಂದರೆ ಅವರು ಕಟ್ಟಬೇಕಾದದ್ದು ಜೂನಿಯರ್ ಮತ್ತು ಹಿರಿಯರ ದರದ ನಡುವಿನ ವ್ಯತ್ಯಾಸ. ಮೇಲಿನ ಉದಾಹರಣೆಯ ಅಂಕಿಯಲ್ಲಿ ಹೇಳಿದರೆ 25 ಅಲ್ಲ, 10 ಪೌಂಡ್.

ತುಂಬಾ ಜನ ಇಲ್ಲಿ ಸುಮ್ನೆ ದೊಡ್ಡ ಮೊತ್ತ ಕಟ್ಟಿ ಮುಗಿಸುತ್ತಾರೆ. ನಾನು ಟಿಕೆಟ್ ಆಫೀಸಿಗೆ ಫೋನ್ ಮಾಡಿದೆ. 40 ನಿಮಿಷ ಕಾಯಬೇಕಾಯಿತು. ಫೋನ್ ಎತ್ತಿದವರು ಒಂದೇ ಮಾತಿಗೆ ಒಪ್ಪಿದರು. ಹೌದು, ಹಿರಿಯರ ದರಕ್ಕೇ ಅಪ್‌ಗ್ರೇಡ್ ಮಾಡಬಹುದು, ಆದರೆ ಅದನ್ನು ಆಫೀಸಿನಲ್ಲಿ ಕೈಯಿಂದ ಮಾಡಬೇಕು, ವಯಸ್ಸಿನ ದಾಖಲೆ ಬೇಕು. ಭಾರತದ ಪಾಸ್‌ಪೋರ್ಟ್ ಆಗುತ್ತದಾ ಅಂತ ಕೇಳಿದೆ. ಹುಟ್ಟಿದ ದಿನ ಇರುವ ಯಾವ ಪಾಸ್‌ಪೋರ್ಟ್ ಆದರೂ ಸರಿ ಅಂದರು. ಇನ್ನೊಂದು ಮಾತನ್ನೂ ಹೇಳಿದರು. ವಯಸ್ಸನ್ನು ಪಂದ್ಯದ ದಿನ ನೋಡುವುದಿಲ್ಲ, ಸೀಸನ್ ಶುರುವಿನ ಒಂದು ಗೊತ್ತಾದ ತಾರೀಕಿಗೆ ನೋಡುತ್ತಾರೆ. ಆ ತಾರೀಕಿನ ನಂತರ 65 ತುಂಬಿದವರು ಆ ಸೀಸನ್ ಪೂರ್ತಿ ವಯಸ್ಕರೇ. ಮಾವನಿಗೆ ಅದರ ತೊಂದರೆ ಇರಲಿಲ್ಲ.

ಬುಧವಾರ ಮಾವನನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಕೇಳಿದರು, "ಅಲ್ಲಮ್ಮಾ, ದುಡ್ಡು ಕಟ್ಟಿರೋ ಸೀಟು. ಮತ್ಯಾಕೆ ಕಟ್ಟಬೇಕು?" ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು. "ಸರಿ ಬಿಡು. ನಮ್ಮ ಕೆಎಸ್‌ಆರ್‌ಟಿಸಿಯಲ್ಲಿ ನನಗೆ ಶೇಕಡಾ 25 ಕಡಿಮೆ ಮಾಡ್ತಾರೆ, ವಯಸ್ಸಾಗಿದೆ ಅಂತ. ನನ್ನ ಕಾರ್ಡ್ ತೋರಿಸಿ ನೀನು ಕೂತ್ಕೊಂಡ್ರೆ ಕಂಡಕ್ಟರ್ ಬಿಡ್ತಾನಾ?"

ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಈ ನಿಯಮವನ್ನು ಹೇಳಿಲ್ಲ. ರಿಯಾಯಿತಿ ಕೊಟ್ಟಿರುವುದು ನನ್ನ ಮಗನಿಗೆ. ಅವನು ಚಿಕ್ಕವನು, ಸಂಪಾದನೆ ಇಲ್ಲ, ಈಗ ರೂಢಿಯಾದರೆ ಮುಂದೆ ಜೀವನಪೂರ್ತಿ ಬರುತ್ತಾನೆ ಅಂತ ಕೊಟ್ಟಿದ್ದಾರೆ. ಅವನು ಎದ್ದು ಹೋದರೆ ಅದೂ ಅವನ ಜೊತೆ ಎದ್ದು ಹೋಗುತ್ತದೆ. ಕುರ್ಚಿಯಲ್ಲಿ ಉಳಿಯುವುದಿಲ್ಲ.

ಮೂರನೇ ತೊಡಕು ಕಿಟಕಿಯಲ್ಲಿ ಎದುರಾಯಿತು. ಟಿಕೆಟ್ ಈಗ ಫೋನಿನ ವಾಲೆಟ್‌ಗೆ ಬರುತ್ತದೆ. ಫೋನ್‌ನಲ್ಲಿ ಎನ್‌ಎಫ್‌ಸಿ, ಅಂದರೆ ರೀಡರ್ ಹತ್ತಿರ ಹಿಡಿದರೆ ಕೆಲಸ ಮಾಡುವ ಸೌಲಭ್ಯ, ಇರಬೇಕು. ಮಾವನ ಫೋನ್‌ನಲ್ಲಿ ಅದಿಲ್ಲ. ನಮ್ಮಲ್ಲಿ ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ. ಯುಪಿಐಗೆ ಕ್ಯೂಆರ್ ಸಾಕು, ಎನ್‌ಎಫ್‌ಸಿಯ ಅಗತ್ಯ ಬೀಳುವುದಿಲ್ಲ. ಗೂಗಲ್ ವಾಲೆಟ್ ಭಾರತಕ್ಕೆ ಬಂದದ್ದೇ 2024ರ ಮೇನಲ್ಲಿ. ಮಗನ ಫೋನನ್ನೇ ಕೊಡಬಹುದಾ ಅಂತ ಕೇಳಿದೆ. ಬೇಡ ಅಂದರು. ಅದರಲ್ಲಿರುವುದು ಮಗನ ಪಾಸ್, ಅಪ್‌ಗ್ರೇಡ್ ಆದ ಕೂಡಲೇ ಅದು ಆ ಪಂದ್ಯಕ್ಕೆ ಕೆಲಸ ಮಾಡುವುದಿಲ್ಲ. ಕೊನೆಗೆ ಆ ಒಂದು ಪಂದ್ಯಕ್ಕೆ ಒಂದು ಪ್ಲಾಸ್ಟಿಕ್ ಕಾರ್ಡ್ ಮಾಡಿಕೊಟ್ಟರು. ಮಾವ ವ್ಯತ್ಯಾಸದ ಹಣವನ್ನು ತಾವೇ ಕಿಟಕಿಯಲ್ಲಿ ಕಟ್ಟಿದರು. ನಾನು ಪರ್ಸ್ ತೆಗೆದರೆ ಕೈ ಹಿಡಿದರು.

ಶನಿವಾರ ಗೇಟಿನಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಮಾವ ಕಾರ್ಡ್ ಹಿಡಿದರು. ಹಿರಿಯರ ದೀಪ. ಸ್ಟೀವರ್ಡ್ ಮಾವನ ಬಿಳಿ ಕೂದಲು ನೋಡಿ ತಲೆಯಾಡಿಸಿದರು, ಅಷ್ಟೇ. ಒಳಗೆ ಮೆಟ್ಟಿಲು ಹತ್ತಿ ಹಸಿರು ಹುಲ್ಲು ಮೊದಲು ಕಣ್ಣಿಗೆ ಬಿದ್ದ ಜಾಗದಲ್ಲಿ ಮಾವ ನಿಂತುಬಿಟ್ಟರು. ಹಿಂದಿನವರು ದಾರಿ ಕೇಳುವವರೆಗೂ ಕದಲಲಿಲ್ಲ. ಪಂದ್ಯ 1-1. ಮಾವ ಎರಡೂ ತಂಡಕ್ಕೆ ಚಪ್ಪಾಳೆ ತಟ್ಟಿದರು. ಎದುರಾಳಿಯ ಗೋಲಿಗೆ ತಟ್ಟಿದಾಗ ಮಾತ್ರ ಮೆಲ್ಲಗೆ ಅವರ ಕೈ ಹಿಡಿದೆ. ಮನೆಯ ತಂಡದ ಕಡೆ ಕೂತು ಎದುರಾಳಿಗೆ ಹುರುಪು ತೋರಿಸಿದರೆ ಎಬ್ಬಿಸಿ ಕಳಿಸಬಹುದು. ಅದೂ ಷರತ್ತಿನಲ್ಲಿದೆ. ನೆಂಟರಿಗೆ ಟಿಕೆಟ್ ಕೊಡುವಾಗ ಈ ಮಾತನ್ನು ಮೊದಲೇ ಹೇಳಿಬಿಡಿ. ನಾನು ಮರೆತಿದ್ದೆ.

ಈ ಚಿಕ್ಕ ಹಣ ಯಾಕೆ ದೊಡ್ಡದು

ಮೊದಲ ಸಲ ಸಿಕ್ಕಿಬಿದ್ದಾಗ ನನಗೆ ಕೋಪ ಬಂದಿತ್ತು. ಕೋಟಿಗಟ್ಟಲೆ ಪೌಂಡ್‌ಗೆ ಆಟಗಾರರನ್ನು ಕೊಳ್ಳುವವರಿಗೆ ನನ್ನ 25 ಪೌಂಡ್ ಬೇಕಾ ಅಂತ. ಈಗ ಹಾಗನ್ನಿಸುವುದಿಲ್ಲ. ಕಾರಣ ಇದೆ.

ಇಂಗ್ಲೆಂಡಿನಲ್ಲಿ ಈಗ ಅಪಾಯದಲ್ಲಿರುವುದು ರಿಯಾಯಿತಿ ದರವೇ. 2024ರ ಮಾರ್ಚ್‌ನಲ್ಲಿ ಟಾಟೆನ್‌ಹ್ಯಾಮ್ ಕ್ಲಬ್ಬು, ಹೊಸದಾಗಿ ಯಾರಿಗೂ ಹಿರಿಯರ ಸೀಸನ್ ಟಿಕೆಟ್ ಕೊಡುವುದಿಲ್ಲ, ಇರುವವರ ರಿಯಾಯಿತಿಯನ್ನೂ ವರ್ಷ ವರ್ಷ ಇಳಿಸುತ್ತೇವೆ ಅಂತ ಘೋಷಿಸಿತು. ಹೊಸ ಮೈದಾನಕ್ಕೆ ಬಂದ ಮೇಲೆ ಹಿರಿಯರ ಟಿಕೆಟ್‌ಗಳ ಸಂಖ್ಯೆ ನಾಲ್ಕು ಪಟ್ಟಾಗಿದೆ ಅನ್ನುವುದು ಅವರು ಕೊಟ್ಟ ಕಾರಣ. ದಶಕಗಳಿಂದ ಬರುತ್ತಿದ್ದ ಅಜ್ಜ ಅಜ್ಜಿಯರ ಪರ ಅಭಿಮಾನಿಗಳು ಬೀದಿಗಿಳಿದರು. ಅದೇ ವರ್ಷದ ಕೊನೆಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಸೀಸನ್ ನಡೆಯುತ್ತಿರುವಾಗಲೇ, ಸದಸ್ಯರಿಗೆ ಉಳಿದಿದ್ದ ಟಿಕೆಟ್‌ಗಳಿಗೆ 66 ಪೌಂಡ್ ದರ ಇಟ್ಟಿತು. ಮಗುವಾದರೂ ಅಷ್ಟೇ, ಮುದುಕರಾದರೂ ಅಷ್ಟೇ. ಅಲ್ಲೂ ಪ್ರತಿಭಟನೆ ಆಯಿತು.

ಕ್ಲಬ್ಬು ಕೊಡುವ ಕಾರಣವನ್ನೆಲ್ಲ ನಂಬಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಮಾತು ನಿಜ. ಮಗುವಿನ ಟಿಕೆಟ್‌ನಲ್ಲಿ ವಾರ ವಾರ ದೊಡ್ಡವರು ಹೋದರೆ, ರಿಯಾಯಿತಿ ಕೀಳಬೇಕು ಅನ್ನುವವರ ಕೈಗೆ ನಾವೇ ಕಾರಣ ಕೊಟ್ಟಂತೆ. ಅಪ್‌ಗ್ರೇಡ್ ಹಣ ಆ ರಿಯಾಯಿತಿಗೆ ಹಾಕಿದ ಬೇಲಿ. ಬೇಲಿ ಹಾರಿದ್ದು ನಾನು, ಪತ್ರ ಹೋದದ್ದು ಮಗುವಿಗೆ. ಇದು ನನ್ನ ಮನೆಯೊಳಗೇ ನಡೆಯಿತು.

ಅಭಿಮಾನಿಗಳ ಮಾತಿಗೆ ಬೆಲೆ ಇಲ್ಲ ಅನ್ನುವವರಿಗೆ ಒಂದು ನೆನಪು. 2016ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಹೊಸ ಸ್ಟ್ಯಾಂಡ್‌ನ ಅತಿ ದುಬಾರಿ ಟಿಕೆಟ್‌ಗೆ 77 ಪೌಂಡ್ ಇಡಲು ಹೊರಟಾಗ, ಸಂಡರ್‌ಲೆಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರಗೆ ನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ದರ ಕೈಬಿಟ್ಟರು. ಎದುರಾಳಿ ಊರಿಗೆ ಹೋಗುವ ಅಭಿಮಾನಿಗಳ ಟಿಕೆಟ್‌ಗೆ 30 ಪೌಂಡ್ ಮಿತಿ ಬಂದದ್ದೂ ಅದೇ ವರ್ಷ.

ನಾನು ಬರೆದ ಪತ್ರ

ನಿಯಮವನ್ನು ಒಪ್ಪುತ್ತೇನೆ ಅಂದ ಮಾತ್ರಕ್ಕೆ ಅದನ್ನು ನಡೆಸುವ ರೀತಿಯನ್ನೆಲ್ಲ ಒಪ್ಪಿದಂತಲ್ಲ. ಮಾವ ಊರಿಗೆ ಹೊರಡುವ ಮೊದಲು ಕ್ಲಬ್ಬಿಗೆ ಒಂದು ಪತ್ರ ಬರೆದೆ. ಒಂದು ಪ್ರತಿಯನ್ನು ಅಭಿಮಾನಿಗಳ ಸಲಹಾ ಮಂಡಳಿಗೂ ಕಳಿಸಿದೆ. ಪ್ರೀಮಿಯರ್ ಲೀಗ್‌ನ ಕ್ಲಬ್ಬುಗಳು ಈಗ ಅಂಥ ಮಂಡಳಿ ಇಟ್ಟುಕೊಳ್ಳಲೇಬೇಕು. 2025ರ ಜುಲೈಯಲ್ಲಿ ಅಂಗೀಕಾರವಾದ ಫುಟ್‌ಬಾಲ್ ಆಡಳಿತದ ಕಾಯ್ದೆಯೂ, ಟಿಕೆಟ್ ದರದ ವಿಷಯದಲ್ಲಿ ಅಭಿಮಾನಿಗಳ ಜೊತೆ ಮಾತಾಡಬೇಕು ಅನ್ನುತ್ತದೆ. ಇವುಗಳನ್ನು ನಾವು ಬಳಸಬೇಕು.

ನಾನು ಕೇಳಿದ್ದು ಹೆಚ್ಚೇನಲ್ಲ. ಮಕ್ಕಳ ಜ್ವರ ಶುಕ್ರವಾರ ಸಂಜೆಯ ಗಡುವು ನೋಡಿ ಬರುವುದಿಲ್ಲ. ಪಂದ್ಯದ ದಿನ ಗೇಟು ತೆರೆಯುವವರೆಗಾದರೂ ಅಪ್‌ಗ್ರೇಡ್ ಮಾಡಿಸಲು ಬಿಡಿ. ಜರ್ಮನಿಯ ಕೆಲವು ಕ್ಲಬ್ಬುಗಳಲ್ಲಿ ಪಂದ್ಯದ ದಿನವೇ ಮೈದಾನದ ಕೌಂಟರ್‌ನಲ್ಲಿ ವ್ಯತ್ಯಾಸ ಕಟ್ಟಿ ಒಳಗೆ ಹೋಗುವ ಪದ್ಧತಿ ಇದೆ, ಇಲ್ಲೂ ಆಗದ್ದೇನಲ್ಲ. ಆ್ಯಪ್‌ನಲ್ಲಿ ಹಿರಿಯರ ಆಯ್ಕೆಯನ್ನೂ ಇಡಿ, ಗೊತ್ತಿಲ್ಲದವರು ಜಾಸ್ತಿ ಕಟ್ಟುವುದು ತಪ್ಪುತ್ತದೆ. ವಯಸ್ಕರ ಟಿಕೆಟ್‌ನಲ್ಲಿ ಮಗು ಬಂದರೆ ಹಣ ವಾಪಸ್ ಬೇಡ, ಒಂದು ಪಂದ್ಯದ ಮಟ್ಟಿಗೆ ಅದು ಸಣ್ಣ ವಿಷಯ.

ಕೊನೆಯದಾಗಿ, ಮಕ್ಕಳಿಗೆ ಎಚ್ಚರಿಕೆ ಪತ್ರ ಕಳಿಸಬೇಡಿ. ಖಾತೆ ಯಾರ ಹೆಸರಲ್ಲೇ ಇರಲಿ, ಹಣ ಕಟ್ಟಿದ್ದು ದೊಡ್ಡವರು. ತಪ್ಪು ಮಾಡಿದ್ದೂ ದೊಡ್ಡವರು. ಪತ್ರ ಅವರಿಗೆ ಹೋಗಲಿ. ನನ್ನ ಮಗನ ದಾಖಲೆಯಿಂದ ಆ ಎಚ್ಚರಿಕೆ ತೆಗೆದು ನನ್ನ ಹೆಸರಿಗೆ ಹಾಕಿ. ನಾನು ಮಾಡಿದ್ದು, ನಾನೇ ಹೊರುತ್ತೇನೆ.

ಮೂರು ವಾರದ ಮೇಲೆ ಉತ್ತರ ಬಂತು. ಗಡುವಿನ ವಿಷಯ ಮುಂದಿನ ಸೀಸನ್‌ಗೆ ನೋಡುತ್ತೇವೆ ಅಂದರು. ಹಿರಿಯರ ಆಯ್ಕೆಯ ಬಗ್ಗೆ ಏನೂ ಹೇಳಲಿಲ್ಲ, ಅದಕ್ಕೆ ಮತ್ತೆ ಬರೆದಿದ್ದೇನೆ. ಎಚ್ಚರಿಕೆಯನ್ನು ಮಗನ ಖಾತೆಯಿಂದ ನನ್ನ ಖಾತೆಗೆ ಬದಲಿಸಿದ್ದಾರೆ. 16ರ ಒಳಗಿನವರ ಖಾತೆಯ ಇಂಥ ಪತ್ರ ಇನ್ನು ಮುಂದೆ ಪೋಷಕರಿಗೇ ಬರುತ್ತದೆ ಅಂತಲೂ ಬರೆದಿದ್ದರು. ಆ ಸಾಲನ್ನು ಮಗನಿಗೆ ಓದಿ ಹೇಳಿದೆ. ಅವನು ಇನ್ನೊಂದು ಸಲ ಓದು ಅಂದ.

ಆದರೆ ಅದು ಆಮೇಲಿನ ಮಾತು. ಮಾವ ಹೊರಟ ದಿನ ಏರ್‌ಪೋರ್ಟ್‌ಗೆ ಕಾರ್ ಬಂದು ನಿಂತಿತ್ತು. ಊರಿಗೆ ಹೊರಡುವ ಹಿರಿಯರು ಮಾಡುವಂತೆ ಮಾವ ಮಗನ ಕೈಯಲ್ಲಿ ಒಂದು ನೋಟು ಇಟ್ಟು ಮುಷ್ಟಿ ಮುಚ್ಚಿದರು. ಮಗ ಗಾಬರಿಯಿಂದ ನನ್ನ ಕಡೆ ನೋಡಿದ. ಆಮೇಲೆ ಮಾವನನ್ನೇ ಕೇಳಿದ, "ತಾತ, ಇದು ಸೀಟಿಗಾ?"

"ಅಲ್ಲ ಕಣೋ," ಅಂದರು ಮಾವ. "ಸೀಟಿಂದು ಕಿಟಕಿಯಲ್ಲೇ ಕಟ್ಟಿದ್ದೀನಿ. ಇದು ನಿನಗೆ."